ಅಜ್ಜಿಯನ್ನು ನೆನೆಸಿದ್ದು

ಹಾಳೆಗೆ ವಯಸ್ಸಾಯಿತು ಎಂದು ಆ ಕಾರ್ಖಾನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, ‘ಕೂತಿದೆ’ ಎನ್ನುತ್ತಿದ್ದರು. ಹೊಸ ಗೋಡೆ ಕೂರುತ್ತದಲ್ಲ, ಕೂಗಾಡಿದ ಮೇಲೆ ಗಂಟಲು ಕೂರುತ್ತದಲ್ಲ, ಹಾಗೆ ಗಾಜಿನ ಮೇಲೆ ಎರೆದು ಒಣಗಿಸಿದ ಪ್ಲಾಸ್ಟಿಕ್ ಹಾಳೆಯೂ ಕೂರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೂ ಗೊತ್ತಾಗುವುದಿಲ್ಲ. ಆದರೆ ಮೊದಲ ವಾರ ಸಲೀಸಾಗಿ ಗಾಳಿಯನ್ನು ದಾಟಿಸುತ್ತಿದ್ದ ಹಾಳೆ ಬರಬರುತ್ತಾ ಬಿಗುಮಾನ ಮಾಡತೊಡಗುತ್ತದೆ. ವರ್ಷ ಕಳೆದರೆ ಇನ್ನೂ ಬಿಗಿ.

ಊರಿನ ಆಚೆ ತುದಿಯಲ್ಲಿ ಮಾರುಕಟ್ಟೆಯ ಕೊಳೆತ ತರಕಾರಿಯಿಂದ ಗ್ಯಾಸ್ ತೆಗೆಯುವ ಘಟಕವಿತ್ತು. ಅಲ್ಲಿ ಹುಟ್ಟುವ ಗ್ಯಾಸಿನಲ್ಲಿ ಒಂದು ಪಾಲು ಉರಿಯುವಂಥದ್ದು, ಇನ್ನೊಂದು ಪಾಲು ಉರಿಯದ ಭಾರದ ಗಾಳಿ. ಎರಡನ್ನೂ ಬೇರೆ ಮಾಡುವ ಜರಡಿಯೇ ಈ ಹಾಳೆ. ಭೂತಗನ್ನಡಿ ಹಿಡಿದರೂ ಒಂದು ತೂತು ಕಾಣದ ಜರಡಿ. ಭಾರದ ಗಾಳಿ ಅದರೊಳಗಿನ ಸಂದುಗಳಲ್ಲಿ ನುಸುಳಿ ಆಚೆ ಹೋಗುತ್ತದೆ, ಉರಿಯುವ ಗ್ಯಾಸು ಈಚೆಗೇ ಉಳಿಯುತ್ತದೆ.

ಆ ಸಂದುಗಳ ವಿಷಯವನ್ನು ದೊಡ್ಡಮೇಸ್ತ್ರಿ ಹೊಸಬರಿಗೆ ಹೇಳಿಕೊಡುತ್ತಿದ್ದ ರೀತಿಯೇ ಬೇರೆ. “ದೂರದ ಬಸ್ಸಲ್ಲಿ ಕೂತಲ್ಲೇ ನಿದ್ದೆ ಹೋದವರನ್ನ ನೋಡಿದೀಯಾ? ಹತ್ತಿದಾಗ ಎಲ್ಲರೂ ಸೆಟೆದು ಕೂತಿರ್ತಾರೆ, ಮಧ್ಯೆ ಮಧ್ಯೆ ಜಾಗ ಇರತ್ತೆ. ನಿದ್ದೆ ಹತ್ತಿದ ಹಾಗೆ ಒಬ್ಬನ ತಲೆ ಇನ್ನೊಬ್ಬನ ಹೆಗಲಿಗೆ ಬೀಳತ್ತೆ, ಮೊಣಕೈ ಒಳಗೆ ಬರತ್ತೆ, ಕಾಲು ಮಡಚತ್ತೆ. ಬೆಳಗಾಗೋಷ್ಟರಲ್ಲಿ ಮಧ್ಯೆ ಒಂದು ಬೆರಳು ತೂರಿಸೋಕೂ ಜಾಗ ಇಲ್ಲ. ಹಾಳೆ ಒಳಗಿನ ಎಳೆಗಳೂ ಅಷ್ಟೇ. ಅವು ನಿದ್ದೆಯಲ್ಲೇ ಹತ್ತಿರ ಆಗ್ತವೆ.”

ಕಾರ್ಖಾನೆಯಲ್ಲಿ ಇಂಥ ಮಾತು ಇನ್ನೂ ಎರಡಿದ್ದವು. ಭಾರದ ಗಾಳಿಯನ್ನು ಅತಿಯಾಗಿ ಒತ್ತಿ ತುಂಬಿದರೆ ಅದು ಹಾಳೆಯೊಳಗೆ ಬೀಗರಂತೆ ತಳವೂರಿ, ಎಳೆಗಳನ್ನು ಅಲ್ಲಾಡಿಸಿ, ಸಡಿಲ ಮಾಡಿಬಿಡುತ್ತದೆ. ಆಗ ಹಾಳೆಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಎಚ್ಚರವೇ ಇರುವುದಿಲ್ಲ. ಉರಿಯುವ ಗ್ಯಾಸೂ ಹಿಂದೆಯೇ ನುಗ್ಗಿ ಹೋಗುತ್ತದೆ. ಅಂಥ ಹಾಳೆಯನ್ನು ‘ಮೈಮರೆತಿದೆ’ ಎನ್ನುತ್ತಿದ್ದರು. ಇನ್ನೊಂದು ಮಾತು ‘ನೆನೆಸೋದು’. ಕೂತು ಬಿಗಿದ ಹಾಳೆಯನ್ನಾಗಲಿ, ಮೈಮರೆತ ಹಾಳೆಯನ್ನಾಗಲಿ ಸ್ಪಿರಿಟ್ ತುಂಬಿದ ತಟ್ಟೆಯಲ್ಲಿ ನೆನೆಸಿ ಒಣಗಿಸಿದರೆ ಅದರ ಹಿಂದಿನದೆಲ್ಲ ತೊಳೆದುಹೋಗುತ್ತದೆ. ಎರೆದ ದಿನ ಹೇಗಿತ್ತೋ ಹಾಗೆ ಎದ್ದು ಕೂರುತ್ತದೆ.

ಈ ಮೂರನೆಯ ಮಾತೇ ಕೊನೆಗೆ ಎಡವಟ್ಟು ಮಾಡಿದ್ದು.

ದೊಡ್ಡಮೇಸ್ತ್ರಿ ಚಿಕ್ಕಮೇಸ್ತ್ರಿಗೆ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ಅವನ ಕೈಕೆಳಗೆ ಹಾಳೆ ಎರೆಯಲು ಕಲಿತು, ಈಗ ಅವಳ ಮುಂದಲೆಯಲ್ಲೂ ಬೆಳ್ಳಿಗೆರೆ ಮೂಡಿದ್ದರೂ, ಎಲ್ಲರ ಬಾಯಲ್ಲಿ ಅವಳಿನ್ನೂ ಚಿಕ್ಕಮೇಸ್ತ್ರಿಯೇ. ಕಾರ್ಖಾನೆ ಎಂದರೆ ಉದ್ದನೆಯ ಎರಡು ಕೋಣೆ, ಹಿಂದೆ ಒಂದು ಅಂಗಳ, ಅಂಗಳದಲ್ಲೊಂದು ನಲ್ಲಿ. ಎರೆಯುವ ಕೋಣೆಯಲ್ಲಿ ದಾರಕ್ಕೆ ಕ್ಲಿಪ್ಪು ಹಾಕಿ ಹಾಳೆಗಳನ್ನು ಒಗೆದ ಬಟ್ಟೆಯಂತೆ ನೇತುಹಾಕಿರುತ್ತಿದ್ದರು. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ ಅವುಗಳ ಮೇಲೆ ನವಿಲುಗರಿಯ ಬಣ್ಣ ಹರಿದಾಡುತ್ತಿತ್ತು. ಯಾರಾದರೂ ಬಾಗಿಲು ತೆರೆದರೆ ಸಾಕು, ಕೋಣೆಯೇ ಒಮ್ಮೆ ಉಸಿರೆಳೆದುಕೊಂಡಂತೆ ಎಲ್ಲವೂ ಒಟ್ಟಿಗೆ ತೂಗಿ ಸುಮ್ಮನಾಗುತ್ತಿದ್ದವು.

ಅಳೆಯುವ ಕೋಣೆ ಗುಳ್ಳೆಯಣ್ಣನದು. ಗುಂಡುಗುಂಡಾಗಿದ್ದುದಕ್ಕೆ ಆ ಹೆಸರು ಬಂತೋ, ಮಾಡುವ ಕೆಲಸದಿಂದ ಬಂತೋ ಅವನಿಗೇ ಮರೆತಿತ್ತು. ಮೇಜಿನ ಮೇಲೆ ನೆಟ್ಟಗೆ ನಿಂತ ಒಂದು ಗಾಜಿನ ಕೊಳವೆ, ಬುಡದಲ್ಲಿ ಸಾಬೂನಿನ ನೀರು. ಹಾಳೆಯನ್ನು ದಾಟಿ ಬಂದ ಗಾಳಿ ಕೆಳಗಿನಿಂದ ಒಂದು ಸಾಬೂನುಗುಳ್ಳೆಯನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಗುಳ್ಳೆ ಸರ್ರನೆ ಏರಿದರೆ ಹಾಳೆ ಎಳೆಯದು, ತೆವಳಿದರೆ ಕೂತದ್ದು. ಗಿರಾಕಿಗಳಿಗೆ ಗಡಿಯಾರ ಹಿಡಿದು ಲೆಕ್ಕ ಕೊಡುತ್ತಿದ್ದರು. ತಮ್ಮತಮ್ಮೊಳಗೆ ಮಾತ್ರ ಮಾತಿನ ಲೆಕ್ಕ. ಗುಳ್ಳೆ ತುದಿ ಮುಟ್ಟುವಷ್ಟರಲ್ಲಿ ಎಷ್ಟು ಮಾತಾಡಿ ಮುಗಿಸಬಹುದೋ ಅದು ಆ ಹಾಳೆಯ ಅಳತೆ.

ಈ ರೂಢಿ ಶುರುವಾದದ್ದು ಅಜ್ಜಿಯಿಂದ.

ಅಜ್ಜಿ ಎಂದರೆ ಒಂದು ಹಾಳೆ. ಅಂಗೈಯಗಲದ ಆ ಹಾಳೆಯನ್ನು ತಗಡಿನ ಡಬ್ಬಿಯಲ್ಲಿ ಬಟ್ಟೆಯ ಮೇಲೆ ಮಲಗಿಸಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದರು. ಮದುವೆಯಾಗಿ ಬಂದ ವರ್ಷ ದೊಡ್ಡಮ್ಮ ತನ್ನ ಕೈಯಾರೆ ಎರೆದ ಮೊದಲ ಹಾಳೆ ಅದು. ಆವತ್ತು ಅವಳು ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ದೊಡ್ಡಪ್ಪ, “ಬಾರೇ, ಗುಳ್ಳೆ ಏರ್ತಿದೆ” ಎಂದು ಕರೆದ. “ಬಂದೆ ಇರಿ” ಎಂದಳು. ಅಷ್ಟರಲ್ಲಿ ಗುಳ್ಳೆ ತುದಿ ಮುಟ್ಟಿ ಒಡೆದಿತ್ತು. ಇನ್ನೊಂದು ಗುಳ್ಳೆ ಬಿಡಬಹುದಿತ್ತು, ಬಿಟ್ಟರು ಕೂಡ. ಆದರೆ ಮೊದಲ ಗುಳ್ಳೆ ಮೊದಲ ಗುಳ್ಳೆಯೇ. ತಾನು ಎರೆದ ಹಾಳೆಯ ಮೊದಲ ಉಸಿರನ್ನು ತಾನೇ ನೋಡಲಿಲ್ಲವೆಂದು ದೊಡ್ಡಮ್ಮ ಅನೇಕ ವರ್ಷ ಹೇಳಿಕೊಂಡು ತಿರುಗಿದಳು. “ಬಂದೆ ಇರಿ ಅಂದಳು, ಅವತ್ತಿಂದ ಕಾಯ್ತಾನೇ ಇದೀನಿ” ಎಂದು ದೊಡ್ಡಪ್ಪ ಅಷ್ಟೇ ವರ್ಷ ಕಿಚಾಯಿಸಿದ.

ಆ ಹಾಳೆಯನ್ನು ಮಾರಲಿಲ್ಲ. ಮೊದಲು ವಾರವಾರ, ಆಮೇಲೆ ವರ್ಷಕ್ಕೊಮ್ಮೆ ಹೊರತೆಗೆದು ಗುಳ್ಳೆ ಬಿಡುತ್ತಿದ್ದರು. ‘ಬಂದೆ ಇರಿ’ಯಷ್ಟಿದ್ದದ್ದು ಬೆಳೆಯುತ್ತಾ ಹೋಯಿತು. ಹಾಳೆಗೆ ‘ಮಗು’ ಎಂಬ ಹೆಸರಿದ್ದದ್ದು ಯಾವಾಗಲೋ ‘ಅಕ್ಕ’ ಆಯಿತು, ಕೊನೆಗೆ ‘ಅಜ್ಜಿ’. ಈಗ ಅಜ್ಜಿಯ ಗುಳ್ಳೆ ತುದಿ ಮುಟ್ಟುವಷ್ಟರಲ್ಲಿ ದೊಡ್ಡಪ್ಪ ತನ್ನ ಭಾವಮೈದುನ ಸೈಕಲ್ ಕಲಿತ ಕಥೆಯನ್ನು ಇಡೀ ಹೇಳಿ ಮುಗಿಸುತ್ತಿದ್ದ. ಎತ್ತರದ ಸೈಕಲ್ಲು, ಇಳಿಜಾರು, ಬ್ರೇಕು ಎಲ್ಲಿದೆಯೆಂದು ಕೇಳದೆ ಹೊರಟ ಭಾವಮೈದುನ, ಎದುರಿಗೆ ಬಂದ ಕತ್ತೆ, ಕತ್ತೆಯ ಮುಖದಲ್ಲಿ ಕಂಡ ಬೇಸರ. ಅಜ್ಜಿ ನಿಧಾನವಾದದ್ದಕ್ಕೆ ಕಥೆ ಬೆಳೆಯಿತೋ, ಕಥೆ ಬೆಳೆದದ್ದಕ್ಕೆ ಅಜ್ಜಿ ನಿಧಾನವಾದಳೋ ಎಂದು ಗುಳ್ಳೆಯಣ್ಣ ಕೇಳುತ್ತಿದ್ದ.

ಆದರೆ ಬೆಳವಣಿಗೆ ಕಡಿಮೆಯಾಗುತ್ತಿತ್ತು. ಮೊದಮೊದಲು ವಾರಕ್ಕೊಂದು ಮಾತು ಸೇರಿಸಬೇಕಿತ್ತು. ಈಚೆಗೆ ವರ್ಷಕ್ಕೊಂದು ಮಾತು ಸೇರಿಸಿದರೆ ಹೆಚ್ಚು. ಒಂದು ಮಾತೂ ಸೇರಿಸಬೇಕಾಗಿಲ್ಲದ ವರ್ಷಕ್ಕಾಗಿ ದೊಡ್ಡಪ್ಪ ಕಾಯುತ್ತಿದ್ದ. ಅಂದು ಅಜ್ಜಿ ಪೂರ್ತಿ ಕೂತಳು ಎಂದರ್ಥ. ಹಾಳೆ ಕೂರುವುದು ಎಲ್ಲಿಗಾದರೂ ನಿಲ್ಲುತ್ತದೆಯೇ, ಅಥವಾ ಸಣ್ಣಗೆ ಸಾಗುತ್ತಲೇ ಇರುತ್ತದೆಯೇ? ಅವನ ಆಯುಷ್ಯದ ಕುತೂಹಲವೆಲ್ಲ ಆ ಒಂದು ಪ್ರಶ್ನೆಯಲ್ಲಿ ಬಂದು ನಿಂತಿತ್ತು.

ಆ ವರ್ಷ ಅವನ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ತೆಗೆದರು, ಜೀವಕ್ಕೆ ಭಯವಿಲ್ಲ ಎಂದರು. ಧ್ವನಿ ಮಾತ್ರ ಪಿಸುಮಾತಾಗಿ ಉಳಿಯಿತು. ದಿನಕ್ಕೆ ನಾಲ್ಕಾರು ಮಾತು ಸಾಕು, ಉಳಿದದ್ದು ಆಮೇಲೆ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಜ್ಜಿಯನ್ನು ಅಳೆಯುವ ಸಮಯ ಹತ್ತಿರ ಬಂದಿತ್ತು. ಆದರೆ ಅಳತೆಗೋಲೇ ಅವನ ಗಂಟಲಲ್ಲಿತ್ತು. ಇನ್ನೊಬ್ಬರ ಬಾಯಲ್ಲಿ ಆ ಕಥೆ ಅದೇ ನಡಿಗೆಯಲ್ಲಿ ಬರುವಂತಿರಲಿಲ್ಲ. ಧ್ವನಿ ಬಂದಮೇಲೆ ಅಳೆದರಾಯಿತು ಎಂದು ಮಾತನ್ನು ಉಳಿಸಿಕೊಂಡು ಮನೆಯಲ್ಲಿ ಕೂತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಗ್ಯಾಸು ಘಟಕದವರು ಹಾಳೆಗಳ ಕಟ್ಟನ್ನು ವಾಪಸು ಕಳಿಸಿದರು. ಎಲ್ಲವೂ ಮೈಮರೆತಿದ್ದವು. ಹೊಸ ಹಾಳೆಗಳು, ಒಳ್ಳೆಯ ಎರಕ, ಆದರೂ ಒತ್ತಡ ಏರಿಸಿದ ಕೂಡಲೇ ಉಬ್ಬಿ ಎರಡೂ ಗಾಳಿಯನ್ನು ಬಿಟ್ಟುಕೊಟ್ಟಿದ್ದವು.

“ಹೀಗಾದ್ರೆ ಜರಡಿ ಬದಲು ಸೊಳ್ಳೆಪರದೆ ಹಾಕ್ಕೋತೀವಿ ಅಂದ್ರು ಅವರ ಮ್ಯಾನೇಜರು,” ಎಂದ ಗುಳ್ಳೆಯಣ್ಣ.

“ನೀನೇನಂದೆ?” ಎಂದಳು ಚಿಕ್ಕಮೇಸ್ತ್ರಿ.

“ಸೊಳ್ಳೆಪರದೆ ನಾವು ಮಾಡಲ್ಲ ಅಂದೆ. ನೆನೆಸಿ ಒಣಗಿಸಿ ಕಳಿಸ್ಲಾ ಇವನ್ನ?”

“ನೆನೆಸಿದ್ರೆ ಮತ್ತೆ ಹೊಸದಾಗತ್ತೆ, ಮತ್ತೆ ಮೈಮರಿಯತ್ತೆ. ಇರು, ದೊಡ್ಡಪ್ಪನ್ನ ಕೇಳ್ತೀನಿ.”

ಫೋನು ಎತ್ತಿದ್ದು ದೊಡ್ಡಮ್ಮ. ವಿಷಯ ಕೇಳಿ, “ಕೊಡ್ತೀನಿ, ಆದ್ರೆ ಇವತ್ತಿಂದು ಅರ್ಧ ಮಾತು ಆಗಲೇ ಖರ್ಚಾಗಿದೆ. ಸಾರಿಗೆ ಉಪ್ಪು ಕಡಿಮೆ ಅಂತ ಹೇಳೋಕೆ ವ್ಯರ್ಥ ಮಾಡಿದ್ರು” ಎಂದು ಫೋನನ್ನು ಗಂಡನ ಕಿವಿಗೆ ಹಿಡಿದಳು. ಚಿಕ್ಕಮೇಸ್ತ್ರಿ ಎಲ್ಲವನ್ನೂ ಹೇಳಿದಳು. ಆಚೆ ಬರೀ ಉಸಿರು. ಒಣಗಿದ ಎಲೆ ನೆಲದ ಮೇಲೆ ಸರಿದಂಥ ಸದ್ದು. ಆಮೇಲೆ ಒಂದು ಪಿಸುಮಾತು:

“ಅಜ್ಜೀನ ನೆನೆಸು.”

“ಅಜ್ಜೀನಾ?” ಎಂದಳು ಅವಳು.

“ಹೂಂ,” ಎಂದಿತು ಫೋನು. ದೊಡ್ಡಮ್ಮ, “ಸಾಕು, ಸಾಕು” ಎಂದು ಇಟ್ಟುಬಿಟ್ಟಳು.

ಚಿಕ್ಕಮೇಸ್ತ್ರಿ ಫೋನು ಹಿಡಿದು ಹಾಗೆಯೇ ನಿಂತಳು. ಅಜ್ಜಿಯನ್ನು ನೆನೆಸುವುದೆಂದರೆ ಅಷ್ಟು ವರ್ಷದ ಕೂರುವಿಕೆಯನ್ನೆಲ್ಲ ಒಂದು ತಟ್ಟೆ ಸ್ಪಿರಿಟ್‌ನಲ್ಲಿ ಕರಗಿಸಿದಂತೆ. ಆದರೆ ಹೇಳಿದವನು ದೊಡ್ಡಪ್ಪ. ಎಣಿಸಿ ಮಾತಾಡುವ ದಿನದಲ್ಲಿ ಎರಡು ಮಾತು ಖರ್ಚು ಮಾಡಿದ್ದಾನೆ. ಧ್ವನಿ ಇನ್ನು ಬರುವುದಿಲ್ಲವೆಂದು ಅವನಿಗೆ ಅನ್ನಿಸಿತೇ? ಕಾದು ಕಾದು ಸಾಕಾಗಿ, ಒಮ್ಮೆ ಅಜ್ಜಿಯನ್ನು ಮೊದಲಿನಂತೆ ನೋಡಿಬಿಡೋಣ ಎನ್ನಿಸಿತೇ? ಯೋಚಿಸಿದಷ್ಟೂ ಅವಳಿಗೆ ಅದು ಸರಿ ಎನ್ನಿಸತೊಡಗಿತು, ಚೆಂದವೂ ಎನ್ನಿಸಿತು. ತಿರುಗಿ ಫೋನು ಮಾಡಿ ಕೇಳಬಹುದಿತ್ತು. ಅವನ ಇನ್ನೊಂದು ಮಾತನ್ನು ಯಾಕೆ ಸವೆಸಲಿ ಎಂದು ಬಿಟ್ಟಳು.

ಡಬ್ಬಿ ಇಳಿಸಿ, ಅಜ್ಜಿಯನ್ನು ಚಿಮುಟದಲ್ಲಿ ಎತ್ತಿ ತಟ್ಟೆಗೆ ಬಿಟ್ಟಳು. ಹಾಳೆ ಒಂದು ಕ್ಷಣ ತೇಲಿತು. ಅಂಚು ಸಣ್ಣಗೆ ಸುರುಳಿಯಾಯಿತು, ಮತ್ತೆ ಬಿಚ್ಚಿಕೊಂಡಿತು. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸಿದಂತೆ. ಆಮೇಲೆ ತಳಕ್ಕೆ ಇಳಿದು, ನೀರೊಳಗೆ ನೀರಿದ್ದಂತೆ, ಇದೆಯೋ ಇಲ್ಲವೋ ಗೊತ್ತಾಗದಂತೆ ಮಲಗಿತು.

ಒಣಗಿದ ಮೇಲೆ ಕೊಳವೆಗೆ ಜೋಡಿಸಿದರು. ಚಿಕ್ಕಮೇಸ್ತ್ರಿ ಸೈಕಲ್ ಕಥೆಯನ್ನು ತಾನೇ ಶುರು ಮಾಡಿದಳು. “ನಮ್ಮ ಭಾವಮೈದ—” ಎನ್ನುವಷ್ಟರಲ್ಲಿ ಗುಳ್ಳೆ ಸುಂಯ್ಯನೆ ಏರಿ ತುದಿಯಲ್ಲಿ ಟಪ್ಪೆಂದಿತು.

“ಸೈಕಲ್ ಹತ್ತೋಕೇ ಬಿಡ್ಲಿಲ್ಲ,” ಎಂದ ಗುಳ್ಳೆಯಣ್ಣ. ನಗಲು ಹೊರಟವನು ಅವಳ ಮುಖ ನೋಡಿ ಸಾಬೂನಿನ ನೀರಿನ ಕಡೆ ಬಗ್ಗಿದ. ನೆನೆಸಿದರೆ ಹೀಗೇ ಆಗುತ್ತದೆಂದು ಇಬ್ಬರಿಗೂ ಗೊತ್ತಿದ್ದರೂ, ಕಣ್ಣಾರೆ ನೋಡಿದಾಗ ಮನೆಯಲ್ಲಿದ್ದ ಹಿರಿಯರೊಬ್ಬರು ಎದ್ದು ಹೋದಂತೆ ಆಯಿತು.

ಸಂಜೆ ದೊಡ್ಡಪ್ಪನ ಮನೆಗೆ ಹೋದಳು. ಬಾಗಿಲಲ್ಲೇ ದೊಡ್ಡಮ್ಮ ತಡೆದು, “ಒಳಗೆ ಹೋಗಿ ನಗಬೇಡ. ಕನ್ನಡಿ ಮುಂದೆ ನಿಂತು ಬರೀ ತುಟಿ ಆಡಿಸ್ತಾ ಸೈಕಲ್ ಕಥೆ ಅಭ್ಯಾಸ ಮಾಡ್ತಿದಾರೆ. ನನ್ನ ತಮ್ಮ ಇಷ್ಟು ವರ್ಷ ಆದ್ರೂ ಆ ಕತ್ತೆಯಿಂದ ಪಾರಾಗ್ಲಿಲ್ಲ ನೋಡು” ಎಂದಳು.

ಅವಳು ಹೊಸ್ತಿಲಲ್ಲೇ ನಿಂತಳು. ಅಜ್ಜಿಯನ್ನು ನೆನೆಸಲು ಹೇಳಿದವನು ಆ ಕಥೆಯನ್ನು ಯಾಕೆ ಅಭ್ಯಾಸ ಮಾಡುತ್ತಾನೆ?

ದೊಡ್ಡಪ್ಪ ಕುರ್ಚಿಯಲ್ಲಿ ಕೂತು, ಕೈಯಲ್ಲೇ ಅವಳಿಗೂ ಕೂರಲು ಹೇಳಿದ. ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದ. ಪಿಸುಗುಟ್ಟಿದ: “ಅಜ್ಜೀನ ನೆನೆಸ್ಕೊಂಡ್ಯಾ?”

ನೆನೆಸ್ಕೊಂಡ್ಯಾ. ಆ ‘ಕೋ’ ಈಗ ಸ್ಪಷ್ಟವಾಗಿ ಕೇಳಿಸಿತು. ಫೋನಿನಲ್ಲಿ ಗಂಟಲು ಅದನ್ನು ನುಂಗಿಬಿಟ್ಟಿತ್ತು. ನೆನೆಸು ಅಂದಿರಲಿಲ್ಲ ಅವನು, ನೆನೆಸ್ಕೋ ಅಂದಿದ್ದ. ಜ್ಞಾಪಿಸಿಕೋ ಎಂದಿದ್ದ.

ಅವಳ ಮುಖ ಸಪ್ಪಗಾದದ್ದನ್ನು ನೋಡಿ, ಅರ್ಥವಾಗಲಿಲ್ಲವೆಂದುಕೊಂಡು, ಅವನು ಲೆಕ್ಕ ಮೀರಿ ಇನ್ನೂ ನಾಲ್ಕು ಮಾತು ಖರ್ಚು ಮಾಡಿದ. “ಅಜ್ಜಿ ಬೇಗ ಮೈಮರೆಯಲ್ಲ. ಕೂತವಳು. ಮೊದಲು ಕೂರಿಸು. ಆಮೇಲೆ ಕಳಿಸು.”

ಅಷ್ಟೇ ವಿಷಯ. ಹೊಸ ಹಾಳೆಯನ್ನು ಹಸಿಹಸಿಯಾಗಿ ಕಳಿಸಬೇಡ, ಬೆಚ್ಚನೆಯ ಕಪಾಟಿನಲ್ಲಿಟ್ಟು ನಿಧಾನವಾಗಿ ಕೂರಿಸಿ ಕಳಿಸು. ಸ್ವಲ್ಪ ಕಡಿಮೆ ಗಾಳಿ ಬಿಟ್ಟರೂ ಪರವಾಗಿಲ್ಲ, ಎಚ್ಚರ ತಪ್ಪುವುದಿಲ್ಲ. ಅಜ್ಜಿಯನ್ನು ನೆನಪಿಗೆ ತಂದುಕೊಂಡರೆ ಅವಳಿಗೇ ಹೊಳೆಯುತ್ತದೆಂದು ಅವನು ಎರಡೇ ಮಾತಲ್ಲಿ ಹೇಳಿದ್ದ.

“ಹೂಂ ದೊಡ್ಡಪ್ಪ,” ಎಂದಳು. ಬಿಸಿ ಹಾಲು ಕುಡಿದು, ನಾಲಿಗೆ ಸುಟ್ಟುಕೊಂಡು ಎದ್ದುಬಂದಳು.

ಮರುದಿನ ಗುಳ್ಳೆಯಣ್ಣ ಅಂಗಳದಲ್ಲಿ ಅವಳನ್ನು ಹಿಡಿದ. “ಒಂದು ಮಾತು ಹೇಳ್ತೀನಿ, ಬೈಬೇಡ. ಕೆಳಗಿನ ಅರೇಲಿ ಅಜ್ಜಿ ತಂಗಿ ಇದಾಳೆ. ಎರಡು ಮೂರು ವರ್ಷಕ್ಕೆ ಚಿಕ್ಕೋಳು. ಒಂಚೂರು ದಪ್ಪ, ಅದಕ್ಕೇ ಗುಳ್ಳೆ ಹೆಚ್ಚುಕಮ್ಮಿ ಅಷ್ಟೇ ನಿಧಾನ. ಆ ಡಬ್ಬೀಲಿ ಮಲಗಿಸಿದ್ರೆ ಮುಗೀತು.”

“ದೊಡ್ಡಪ್ಪಂಗೆ ಗೊತ್ತಾಗಲ್ವಾ?”

“ಆ ಕಥೆ ಹೇಳೋವಾಗ ಅವರು ಹಾಳೆ ಎಲ್ಲಿ ನೋಡ್ತಾರೆ? ಕತ್ತೇನ ನೋಡ್ತಿರ್ತಾರೆ.” ದನಿ ತಗ್ಗಿಸಿ ಹೇಳಿದ, “ಈ ವರ್ಷ ಒಂದು ಮಾತೂ ಸೇರಿಸೋದು ಬೇಡ ಅಂತ ಬರೋ ಹಾಗೆ ನಾನೇ ಗಾಳಿ ಒಂಚೂರು ಹೆಚ್ಚುಕಮ್ಮಿ ಮಾಡ್ತೀನಿ. ಪಾಪ, ನೆಮ್ಮದಿಯಾಗಿರ್ಲಿ.”

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಅವಳು ಎರೆಯುವ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಹಿಂದಿನ ದಿನದ ನಿದ್ದೆ ಬಾಕಿಯಿತ್ತು. ಬಿಸಿಲು ಹಾಳೆಗಳ ಮೇಲೆ ಹರಿದಾಡುತ್ತಿತ್ತು, ಬಣ್ಣಗಳು ಒಂದರೊಳಗೊಂದು ಇಳಿಯುತ್ತಿದ್ದವು. ಗೋಡೆಗೆ ಒರಗಿದವಳಿಗೆ ರೆಪ್ಪೆ ಭಾರವಾಯಿತು.

ಕನಸಿನಲ್ಲಿ ಅವಳು ಗಾಳಿಯಾಗಿದ್ದಳು. ತೂಕವಿಲ್ಲ, ಆಕಾರವಿಲ್ಲ, ಆಚೆ ಹೋಗಬೇಕೆಂಬ ಒಂದು ಆಸೆ ಮಾತ್ರ. ಎದುರಿಗೆ ಉದ್ದಾನುದ್ದದ ಬಸ್ಸು, ಸೀಟು ತುಂಬ ನಿದ್ದೆ ಹೋದವರು. ಯಾರದೋ ತಲೆ ಯಾರದೋ ಹೆಗಲ ಮೇಲೆ, ಯಾರದೋ ಕೈ ಯಾರದೋ ಮಡಿಲಲ್ಲಿ. ಎಲ್ಲರ ಉಸಿರೂ ಒಂದೇ ತಾಳಕ್ಕೆ ಏರಿ ಇಳಿಯುತ್ತಿತ್ತು. ಅವಳು ಒಂದು ಸಂದಿನಿಂದ ಇನ್ನೊಂದಕ್ಕೆ ನುಸುಳುತ್ತಾ ಹೋದಳು. ಹೋದಂತೆಲ್ಲ ಸಂದು ಕಿರಿದಾಗುತ್ತಿತ್ತು. ಕೊನೆಯ ಸೀಟಿನಲ್ಲಿ ಒಬ್ಬ ಮುದುಕಿ ಅಡ್ಡಲಾಗಿ ಕಾಲುಚಾಚಿ ಮಲಗಿದ್ದಳು. ದಾರಿಯೇ ಇರಲಿಲ್ಲ. ಅವಳು ಅಲ್ಲೇ ನಿಂತಳು. ಎಬ್ಬಿಸಲು ಮನಸ್ಸಾಗಲಿಲ್ಲ. ಬಹಳ ಹೊತ್ತಾದ ಮೇಲೆ ಮುದುಕಿ ಕಣ್ಣು ಬಿಡದೆಯೇ, “ನೀನೇನಾ? ಹೇಳಬಾರದಾ?” ಎಂದು ಮಂಡಿ ಮಡಚಿದಳು. ಅಷ್ಟು ಸಾಕಾಯಿತು.

ಎಚ್ಚರವಾದಾಗ ಹಾಳೆಗಳು ಸಣ್ಣಗೆ ತೂಗುತ್ತಿದ್ದವು. ಕಿಟಕಿಯ ಬಿಸಿಲು ಅವಳ ಪಾದದವರೆಗೆ ಬಂದಿತ್ತು. ಅವಳು ಎದ್ದು, ಅಜ್ಜಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರವಾಗಿ ದೊಡ್ಡಪ್ಪನ ಮನೆಗೆ ಹೊರಟಳು.

ಹೇಳಿದ್ದು ಸುಲಭದಲ್ಲೇ ಮುಗಿಯಿತು. “ನೀವು ನೆನೆಸ್ಕೋ ಅಂದ್ರಿ, ನಂಗೆ ನೆನೆಸು ಅಂತ ಕೇಳಿಸ್ತು. ನೆನೆಸಿಬಿಟ್ಟೆ.” ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ದೊಡ್ಡಪ್ಪ ಡಬ್ಬಿಯನ್ನೇ ನೋಡಿದ. ಮುಚ್ಚಳ ತೆಗೆಯಲಿಲ್ಲ. ದೊಡ್ಡಮ್ಮನ ಕೈ ಬಾಯಿಯ ಮೇಲಿತ್ತು. ಅಡಗಿಸಿಕೊಳ್ಳುತ್ತಿದ್ದುದು ನಗುವೋ ಇನ್ನೇನೋ ತಿಳಿಯಲಿಲ್ಲ. ಕೊನೆಗೆ ಕೇಳಿದಳು: “ಈಗ ಹೇಗಿದಾಳೆ?”

“‘ಬಂದೆ ಇರಿ’ ಅನ್ನೋಷ್ಟೇ.”

“ಹಾಗಿದ್ರೆ ನಾನು ಎರೆದ ದಿನದ್ದೇ,” ಎಂದಳು ದೊಡ್ಡಮ್ಮ, ತನ್ನಷ್ಟಕ್ಕೆ.

ದೊಡ್ಡಪ್ಪ ಎದ್ದು ಒಳಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದ. ಬೈದಿದ್ದರೆ ವಾಸಿಯಾಗಿತ್ತು. ಬೈಯಲು ಅವನ ಬಳಿ ಮಾತಿರಲಿಲ್ಲ ಎಂದಲ್ಲ. ಆ ದಿನ ಅವನು ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ. ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡೇ ಮಲಗಿದ.

ದೊಡ್ಡಮ್ಮ ಬಾಗಿಲವರೆಗೆ ಬಂದಳು. “ನೀನು ಹೋಗು. ಅವರದು ಕೂರೋದು ತಡ, ಏಳೋದು ಇನ್ನೂ ತಡ.”

ನಂತರದ ದಿನಗಳಲ್ಲಿ ಚಿಕ್ಕಮೇಸ್ತ್ರಿ ಕೆಲಸದೊಳಗೆ ಮುಳುಗಿದಳು. ಬೆಚ್ಚನೆಯ ಕಪಾಟಿನಲ್ಲಿ ಹೊಸ ಹಾಳೆಗಳನ್ನು ಮಲಗಿಸಿ, ಎರೆದ ಕೈಯೇ ಅವಸರ ಮಾಡದಂತೆ ತನ್ನನ್ನು ತಾನೇ ತಡೆದುಕೊಂಡು, ಕೂರಿಸಿ ಕಳಿಸಿದಳು. ಘಟಕದಿಂದ ದೂರು ಬರಲಿಲ್ಲ. “ಸೊಳ್ಳೆಪರದೆ ಮಾತು ನಿಂತಿದೆ” ಎಂದ ಗುಳ್ಳೆಯಣ್ಣ. ಅವಳಿಗೆ ಅದರಿಂದ ಸಂತೋಷವಾಗಲಿಲ್ಲ. ಸಂಜೆ ಫೋನು ಮಾಡಿದಾಗೆಲ್ಲ ದೊಡ್ಡಮ್ಮನದು ಒಂದೇ ಉತ್ತರ: “ಕನ್ನಡಿ ಹತ್ರ ಹೋಗ್ತಿಲ್ಲ. ಉಪ್ಪು ಕಡಿಮೆ ಅಂತಲೂ ಅಂತಿಲ್ಲ. ನಿನ್ನೆ ಉಪ್ಪೇ ಹಾಕ್ದೆ ಬಡಿಸಿದೆ, ಸುಮ್ನೆ ತಿಂದ್ರು. ಅದು ನಂಗೆ ಭಯ.”

ಆ ರಾತ್ರಿಯೆಲ್ಲ ಚಿಕ್ಕಮೇಸ್ತ್ರಿಯ ಬಾಯಲ್ಲಿ ಉಪ್ಪಿಲ್ಲದ ರುಚಿಯಿತ್ತು.

ಒಂದು ಬೆಳಿಗ್ಗೆ ಬೀದಿಯ ತುದಿಯಲ್ಲಿ ಮಫ್ಲರು ಕಂಡಿತು. ದೊಡ್ಡಪ್ಪ ಮುಂದೆ, ಕೈಯಲ್ಲಿ ಡಬ್ಬಿ. ಹಿಂದೆ ಮಂಡಿನೋವಿನ ದೊಡ್ಡಮ್ಮ, ಒಂದೊಂದೇ ಹೆಜ್ಜೆ.

“ಏಳ್ರಿ ಅಂದೆ,” ಎಂದು ದೊಡ್ಡಮ್ಮ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ವಿವರಿಸಿದಳು. “ಅಜ್ಜಿ ಪೂರ್ತಿ ಕೂತಿದ್ರೆ ಆಮೇಲೆ ಏನ್ ಮಾಡ್ತಿದ್ರಿ, ಫ್ರೇಮ್ ಹಾಕಿಸ್ತಿದ್ರಾ ಅಂತ ಕೇಳ್ದೆ. ಏಳ್ಲಿಲ್ಲ. ನಾನು ಎರೆದ ಹಾಳೆ, ಹೇಗಿದೆ ಅಂತ ನಾನೇ ನೋಡ್ಕೊಂಡು ಬರ್ತೀನಿ ಅಂತ ಚಪ್ಪಲಿ ಹಾಕ್ಕೊಂಡೆ. ಹಿಂದಿಂದ ಬಂದು ಡಬ್ಬಿ ಕಿತ್ಕೊಂಡು ಮುಂದೆ ಹೊರಟ್ರು.”

ದೊಡ್ಡಪ್ಪ ಯಾರ ಮುಖವನ್ನೂ ನೋಡದೆ ಕೊಳವೆಯ ಮುಂದೆ ಕೂತ. ತಾನೇ ಹಾಳೆ ಜೋಡಿಸಿದ. ದೊಡ್ಡಮ್ಮ ದಾರಿಯ ಧೂಳು ತೊಳೆಯಲು ಅಂಗಳದ ನಲ್ಲಿಗೆ ಹೋಗಿದ್ದಳು. ಗುಳ್ಳೆಯಣ್ಣ ಸಾಬೂನು ನೀರಿನ ರಬ್ಬರು ಚೀಲವನ್ನು ಒತ್ತಿದ. ಬುಡದಲ್ಲಿ ಒಂದು ಗುಳ್ಳೆ ಕಣ್ಣು ಬಿಟ್ಟಿತು.

ದೊಡ್ಡಪ್ಪ ಬಾಯಿ ತೆರೆದ. ಸೈಕಲ್ ಕಥೆ ಅಲ್ಲ. “ಬಾರೇ,” ಎಂದ. ಒಡೆದ ಧ್ವನಿ, ಆದರೂ ಧ್ವನಿ. “ಗುಳ್ಳೆ ಏರ್ತಿದೆ.”

“ಬಂದೆ ಇರಿ,” ಎಂದಿತು ಅಂಗಳ.

ಗುಳ್ಳೆ ತುದಿ ಮುಟ್ಟಿ ಒಡೆಯಿತು.

ಆಮೇಲೆ ದೊಡ್ಡಪ್ಪನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಚಿಕ್ಕಮೇಸ್ತ್ರಿ ಹತ್ತಿರ ಹೋದಳು. ಅವನು ನಗುತ್ತಿದ್ದ, ಸದ್ದಿಲ್ಲದೆ, ಕಣ್ಣಲ್ಲಿ ನೀರು ತುಂಬಿಕೊಂಡು. ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದ ದೊಡ್ಡಮ್ಮ, “ಮತ್ತೆ ತಪ್ಪಿತಾ?” ಎಂದಳು. ಅವನು ಹೌದೆಂದು ತಲೆಯಾಡಿಸಿದ. ಅವಳ ಒದ್ದೆ ಕೈಯನ್ನು ಎಳೆದು ತನ್ನ ಮಫ್ಲರಿನಲ್ಲಿ ಒರೆಸಿದ.

ಸೈಕಲ್ ಕಥೆಗೆ ಬೇಕಾದಷ್ಟು ಧ್ವನಿ ಅವನಿಗೆ ಇನ್ನು ಬರುವುದಿಲ್ಲವೆಂದು ಡಾಕ್ಟರು ದೊಡ್ಡಮ್ಮನಿಗೆ ಮೊದಲೇ ಹೇಳಿದ್ದರಂತೆ. ಅದನ್ನು ಅವಳು ಚಿಕ್ಕಮೇಸ್ತ್ರಿಗೆ ಅಂಗಳದಲ್ಲಿ, ನಲ್ಲಿಯ ಸದ್ದಿನ ಮರೆಯಲ್ಲಿ ಹೇಳಿದಳು. “ಹಳೇ ಅಜ್ಜಿಗೆ ಅಷ್ಟು ಮಾತು ಎಲ್ಲಿಂದ ತರ್ತಿದ್ರು? ಇವಳಿಗೆ ಇರೋದು ಸಾಕು.”

ಅಂದಿನಿಂದ ದೊಡ್ಡಪ್ಪ ವಾರಕ್ಕೊಮ್ಮೆ ಬರತೊಡಗಿದ. ಹಾಳೆ ಎಳೆಯದಾಗಿದ್ದಾಗ ಬೇಗಬೇಗ ಕೂರುತ್ತದೆ. ಡಾಕ್ಟರೂ ವಾರವಾರ ಒಂದೊಂದು ಮಾತು ಹೆಚ್ಚಿಗೆ ಬಿಟ್ಟುಕೊಡುತ್ತಿದ್ದರು. ‘ಬಾರೇ’ ಜೊತೆ ‘ಬೇಗ’ ಸೇರಿತು. ಆಮೇಲೆ ‘ಕಾಲು ಜಾರೀತು ನೋಡ್ಕೊಂಡು ಬಾ’ ಸೇರಿತು. ಮೊದಲಿನ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ಹಾಳೆ ಕೂರುವುದು ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸ ಇನ್ನು ಚಿಕ್ಕಮೇಸ್ತ್ರಿಯದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಪಾಟಿನ ಬೀಗದ ಕೈ ಮಾತ್ರ ಒಂದು ದಿನ ಅವಳ ಮೇಜಿನ ಮೇಲಿತ್ತು.

ಹಾಳೆಯನ್ನು ಈಗ ಏನೆಂದು ಕರೆಯುವುದು ಎಂಬುದೇ ತಕರಾರಾಯಿತು. ಗುಳ್ಳೆಯಣ್ಣ ‘ಮಗು’ ಎಂದ. “ನೋಡಿದ್ದೆಲ್ಲ ನೋಡಿ ಬಂದವಳು, ಮಗು ಹೇಗಾಗ್ತಾಳೆ?” ಎಂದಳು ದೊಡ್ಡಮ್ಮ. ಅಜ್ಜಿ ಎಂದೇ ಉಳಿಯಿತು.

ಗೋಡೆಯ ಮೇಲೆ ಹಾಳೆಗಳ ಬಣ್ಣದ ನೆರಳು ಉದ್ದವಾಗಿ ಬೀಳುತ್ತಿದ್ದ ಒಂದು ಮಧ್ಯಾಹ್ನ, ದೊಡ್ಡಮ್ಮ ಎಂದಿನಂತೆ ನಲ್ಲಿಯ ಹತ್ತಿರವಿದ್ದಳು. ಗುಳ್ಳೆ ಬುಡ ಬಿಟ್ಟಿತು. ದೊಡ್ಡಪ್ಪ ಕರೆದ. ಅವಳು “ಬಂದೆ ಇರಿ” ಎಂದು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮಂಡಿ ಹಿಡಿದುಕೊಂಡು, ಹೊಸ್ತಿಲು ದಾಟಿ, ತೂಗುವ ಹಾಳೆಗಳ ನಡುವೆ ತಲೆ ತಗ್ಗಿಸಿ ಬಂದಳು. ಚಿಕ್ಕಮೇಸ್ತ್ರಿ ಒಮ್ಮೆ ಗುಳ್ಳೆಯನ್ನು, ಒಮ್ಮೆ ಅವಳನ್ನು ನೋಡುತ್ತಿದ್ದಳು.

ಗುಳ್ಳೆ ಕೊಳವೆಯ ನಡುವಿನಲ್ಲಿತ್ತು. ಕಿಟಕಿಯ ಬಿಸಿಲನ್ನೆಲ್ಲ ತನ್ನ ಮೈಮೇಲೆ ಹೊದ್ದುಕೊಂಡು, ಯಾವ ಅವಸರವೂ ಇಲ್ಲದೆ ಏರುತ್ತಿತ್ತು.

“ಓ, ಇದಾ,” ಎಂದಳು ದೊಡ್ಡಮ್ಮ, ಕನ್ನಡಕ ಸರಿಮಾಡಿಕೊಂಡು ಬಗ್ಗಿ. ದೊಡ್ಡಪ್ಪ ಸರಿದು ಅವಳಿಗೆ ಸ್ಟೂಲಿನಲ್ಲಿ ಅರ್ಧ ಜಾಗ ಬಿಟ್ಟ.